ಭೂಮಿತಾಯಿಗೆ ಬಯಕೆಯ ಬುತ್ತಿ

ದಸರಾದ ಗದ್ದಲ ಮುಗಿದು, ದೀಪಾವಳಿಯ ಪಟಾಕಿ ಸದ್ದು ಇನ್ನೂ ಶುರುವಾಗದ ದಿನಗಳಲ್ಲಿ ಹಬ್ಬವೊಂದು ಸದ್ದಿಲ್ಲದೆ ಬಂದುಹೋಗುತ್ತದೆ. ವಿಜಯದಶಮಿ ಕಳೆದು ಐದನೆಯ ದಿನ ಬರುವ ಆಶ್ವಯುಜ ಮಾಸದ ಹುಣ್ಣಿಮೆಯೇ ಆ ಹಬ್ಬ. ಅದಕ್ಕೆ ಗುಡಿ ಬೇಡ, ತೇರು ಬೇಡ. ಪೈರು ನಿಂತ ಒಂದು ತುಂಡು ಭೂಮಿ ಇದ್ದರೆ ಸಾಕು. ಮಲೆನಾಡಿನವರು ಅದನ್ನು ಭೂಮಿ ಹುಣ್ಣಿಮೆ ಎನ್ನುತ್ತಾರೆ. ಉತ್ತರ ಕರ್ನಾಟಕದಲ್ಲಿ ಅದೇ ಸೀಗಿ ಹುಣ್ಣಿಮೆ.

ತುಂಬಿದ ಬಸುರಿಯ ಬಯಕೆ ತೀರಿಸುವುದು ನಮ್ಮ ಮನೆಗಳ ಹಳೆಯ ಸಂಪ್ರದಾಯ. ಭೂಮಿಯೂ ಈಗ ಗರ್ಭಿಣಿ, ಅವಳಿಗೂ ಬಯಕೆಯ ಊಟ ಆಗಬೇಕು ಎಂಬುದೇ ಈ ಹಬ್ಬದ ತಿರುಳು.

ಈ ಹುಣ್ಣಿಮೆಯೇ ಏಕೆ?

ಇದು ಬರೀ ಕವಿಕಲ್ಪನೆಯಲ್ಲ. ಮಲೆನಾಡಿನ ಮಳೆಯಾಶ್ರಿತ ಗದ್ದೆಗಳಲ್ಲಿ ಜೂನ್ ತಿಂಗಳಲ್ಲಿ ಸಸಿಮಡಿ ಮಾಡಿ, ಜುಲೈ-ಆಗಸ್ಟ್ ಹೊತ್ತಿಗೆ ನಾಟಿ ಮಾಡುತ್ತಾರೆ. ಅಕ್ಟೋಬರ್ ನಡುವಿಗೆ ಬತ್ತದ ತೆನೆ ಒಳಗೊಳಗೇ ರೂಪುಗೊಂಡಿರುತ್ತದೆ, ಆದರೆ ಹೊರಗೆ ಕಾಣುವುದಿಲ್ಲ. ಎಲೆಯ ಒರೆಯೊಳಗೆ ಅಡಗಿ ಉಬ್ಬಿಕೊಂಡ ಈ ಹಂತಕ್ಕೆ ರೈತರು 'ಹೊಡೆ' ಎನ್ನುತ್ತಾರೆ. ಪೈರು ಗರ್ಭ ಕಟ್ಟಿದೆ ಎನ್ನುವುದೂ ಇದನ್ನೇ.

ರೈತನಿಗೆ ಇದು ಆತಂಕದ ಕಾಲವೂ ಹೌದು. ಬತ್ತದ ಬದುಕಿನಲ್ಲಿ ನೀರಿನ ಕೊರತೆಯನ್ನು ತೀರಾ ತಾಳಲಾರದ ಹಂತ ಹೊಡೆ ಮತ್ತು ಹೂವಿನದು. ಮುಂಗಾರು ಹಿಂದೆ ಸರಿದು, ಹಸ್ತ, ಚಿತ್ತ ಮಳೆಗಳ ಮೇಲೆ ಕಣ್ಣಿಟ್ಟು ಕೂರುವ ದಿನಗಳಿವು. ಇಲಿಗಳಿಗೂ ಈ ಹಂತದ ದಂಟೆಂದರೆ ಬಲು ಇಷ್ಟ. ನಾಲ್ಕು ತಿಂಗಳ ದುಡಿಮೆ ಕಣಕ್ಕೆ ಬರುವುದೋ ಇಲ್ಲವೋ ಎಂಬುದು ಇನ್ನೂ ತೀರ್ಮಾನವಾಗಿರುವುದಿಲ್ಲ. ಕೊಯ್ಲು ಮುಗಿಸಿ, ಪಡೆದದ್ದಕ್ಕೆ ಕೃತಜ್ಞತೆ ಹೇಳುವ ಸುಗ್ಗಿಯ ಹಬ್ಬಗಳು ಹಲವು. ಪಡೆಯುವ ಮೊದಲೇ ಕೊಡುವ ಹಬ್ಬ ಇದು.

ಚಿತ್ತಾರದ ಬುಟ್ಟಿ

ಸಾಗರ, ಸೊರಬ, ಸಿದ್ದಾಪುರ ಸೀಮೆಯ ದೀವರ ಮನೆಗಳಲ್ಲಿ ಈ ಹಬ್ಬದ ಸಿದ್ಧತೆ ನವರಾತ್ರಿಯ ಹೊತ್ತಿಗೇ ಶುರು. ಬಿದಿರಿನ ಬುಟ್ಟಿಗೆ ಸಗಣಿ ಸಾರಿಸಿ, ಕೆಮ್ಮಣ್ಣು ಬಳಿದು ಒಣಗಿಸುತ್ತಾರೆ. ಅದರ ಮೇಲೆ ಅಕ್ಕಿ ಹಿಟ್ಟಿನ ಬಿಳಿ ಬಣ್ಣದಲ್ಲಿ ಹೆಂಗಸರು ಚಿತ್ತಾರ ಬರೆಯುತ್ತಾರೆ. ಕುಂಚ ಪುಂಡಿ ನಾರಿನದು. ಸುಟ್ಟ ಅಕ್ಕಿಯಿಂದ ಕಪ್ಪು, ಗುರಿಗೆ ಕಾಯಿಯಿಂದ ಹಳದಿ. ಇದೇ ಭೂಮಣ್ಣಿ ಬುಟ್ಟಿ. ಮದುವೆ ಮನೆಯ ಗೋಡೆಯ ಮೇಲೆ ಮೂಡುವ ಹಸೆ ಚಿತ್ತಾರವನ್ನು ಬರೆಯುವ ಕೈಗಳೇ ಇದನ್ನೂ ಬರೆಯುತ್ತವೆ.

ಹಬ್ಬದ ಹಿಂದಿನ ರಾತ್ರಿ ಹೆಂಗಸರಿಗೆ ನಿದ್ದೆಯಿಲ್ಲ. ಬೇಲಿಸಾಲು, ಗದ್ದೆ ಬದುವಿನಿಂದ ಕೊಯ್ದು ತಂದ ಹತ್ತಾರು ಬಗೆಯ ಸೊಪ್ಪುಗಳ ಬೆರಕೆ, ಅನ್ನ, ತರಕಾರಿ, ಕಡುಬು ಎಲ್ಲವೂ ಬೆಳಗಿನೊಳಗೆ ಬೆಂದಿರಬೇಕು. ಬೆಳಕು ಹರಿಯುವ ಮುನ್ನವೇ ಗಂಡಸರು ಬುಟ್ಟಿ ಹೊತ್ತು ಹೋಗಿ ಗದ್ದೆಯ ಉದ್ದಕ್ಕೂ ಆ ಅಡುಗೆಯನ್ನು ಬೀರುತ್ತಾರೆ. ಆಮೇಲೆ ಮನೆಮಂದಿಯೆಲ್ಲ ಸೇರಿ ಪೈರಿಗೆ ಪೂಜೆ. ತಾಳಿ, ಹೂವು ಇಟ್ಟು ಪೈರನ್ನು ಸಿಂಗರಿಸುವುದುಂಟು. ಕಾಗೆಗೆ, ಇಲಿಗೆ ಎಡೆ ಇಡುವುದುಂಟು. ಬೆಳೆ ತಿನ್ನುವ ಇಲಿಗೂ ಒಂದು ಪಾಲು! ಕೆಲವೆಡೆ ಗದ್ದೆಯಲ್ಲಿ ಕಡುಬು ಹೂತಿಟ್ಟು ಬರುತ್ತಾರೆ. ಕೊನೆಗೆ ಗದ್ದೆಯ ಬದುವಿನಲ್ಲೇ ಎಲ್ಲರ ಊಟ.

ಉತ್ತರದ ಬಯಲು ನಾಡಿನಲ್ಲಿ ಇದೇ ಹಬ್ಬದ ರುಚಿ ಬೇರೆ. ಎತ್ತಿನ ಬಂಡಿ ಕಟ್ಟಿಕೊಂಡು, ರೊಟ್ಟಿ, ಪಲ್ಯ, ಶೇಂಗಾ ಚಟ್ನಿ, ಹೋಳಿಗೆ, ಕಡುಬುಗಳ ಬುತ್ತಿಯೊಡನೆ ಹೊಲಕ್ಕೆ ಹೋಗುವುದು ವಾಡಿಕೆ. ಇಂದು ಬಂಡಿಯ ಜಾಗದಲ್ಲಿ ಟ್ರ್ಯಾಕ್ಟರ್ ಬಂದಿದೆ. ಪೂಜೆಯ ನಂತರ ಹೊಲದ ತುಂಬ ಎಡೆ ಚೆಲ್ಲುತ್ತಾರೆ. ಇದಕ್ಕೆ 'ಚರಗ' ಎಂದು ಹೆಸರು. ಹಿಂಗಾರಿ ಜೋಳ ಬೆಳೆದು ನಿಂತಾಗ, ಎಳ್ಳಮಾವಾಸ್ಯೆಯಂದು ಮತ್ತೊಮ್ಮೆ ಚರಗ. ಬೆಳೆ ಯಾವುದೋ ಹಬ್ಬದ ದಿನವೂ ಅದಕ್ಕೆ ತಕ್ಕಂತೆ.

ಗದ್ದೆಯೇ ಇಲ್ಲವಾದರೆ?

ಕಷ್ಟ ಇರುವುದೂ ಇಲ್ಲಿಯೇ. ಮಲೆನಾಡಿನಲ್ಲಿ ಕಳೆದ ಕೆಲವು ದಶಕಗಳಿಂದ ಗದ್ದೆಗಳು ಅಡಿಕೆ ತೋಟಗಳಾಗುತ್ತಿವೆ. ಕೂಲಿಯಾಳು ಸಿಗುವುದಿಲ್ಲ, ಬತ್ತದಿಂದ ಖರ್ಚೂ ಹುಟ್ಟುವುದಿಲ್ಲ ಎನ್ನುವ ರೈತನನ್ನು ದೂರುವಂತಿಲ್ಲ. ಹಬ್ಬಕ್ಕಾಗಿ ನಷ್ಟದ ಬೇಸಾಯ ಮಾಡು ಎಂದು ಅವನಿಗೆ ಹೇಳುವವರು ಯಾರು? ತೋಟ ಮಾಡಿದವರೂ ಹಬ್ಬ ಬಿಟ್ಟಿಲ್ಲ. ಅಡಿಕೆ ಮರದ ಬುಡದಲ್ಲೇ ಪೂಜೆ ಸಲ್ಲಿಸುವವರಿದ್ದಾರೆ. ಆದರೆ ಹೊಡೆ ತುಂಬಿದ ಪೈರಿನ ಮುಂದೆ ತಾನಾಗಿಯೇ ಹೊಳೆಯುತ್ತಿದ್ದ ಬಸುರಿಯ ಹೋಲಿಕೆಯನ್ನು, ವರ್ಷಗಟ್ಟಲೆ ನಿಂತಿರುವ ಮರದ ಮುಂದೆ ಮಕ್ಕಳಿಗೆ ಬಿಡಿಸಿ ಹೇಳಬೇಕಾಗುತ್ತದೆ.

ಇನ್ನೊಂದು ಕಡೆ ಚಿತ್ತಾರಕ್ಕೆ ಪೇಟೆಯಲ್ಲಿ ಬೇಡಿಕೆ ಬಂದಿದೆ. ಕ್ಯಾನ್ವಾಸಿನ ಮೇಲೆ, ಕಾಗದದ ಮೇಲೆ, ಪ್ರದರ್ಶನಗಳಲ್ಲಿ ಅದು ಕಾಣಸಿಗುತ್ತಿದೆ. ಇದು ಸಂತೋಷದ ಮಾತೇ. ಬರೆಯುವ ಹೆಂಗಸರ ಕೈಗೆ ನಾಲ್ಕು ಕಾಸು ಸೇರಿದರೆ ಕಲೆಯೂ ಉಳಿದೀತು. ಆದರೆ ಭೂಮಣ್ಣಿ ಬುಟ್ಟಿ ಗೋಡೆಗೆ ತೂಗುಹಾಕಲು ಹುಟ್ಟಿದ್ದಲ್ಲ. ಅನ್ನ ತುಂಬಿಕೊಂಡು ನಸುಕಿನಲ್ಲಿ ಗದ್ದೆಗೆ ಹೋಗಿ, ಬರಿದಾಗಿ ಮನೆಗೆ ಮರಳಲು ಹುಟ್ಟಿದ್ದು. ಬುಟ್ಟಿಯ ಚೆಲುವನ್ನು ಮೆಚ್ಚುವವರು ಅದು ಹೋಗಿ ಬರುವ ಗದ್ದೆಯ ಬಗೆಗೂ, ಆ ಗದ್ದೆಯ ಬತ್ತಕ್ಕೆ ಸಿಗುವ ಬೆಲೆಯ ಬಗೆಗೂ ಯೋಚಿಸಬೇಕಾಗಿದೆ.