ಹಿತ್ತಿಲಿನ ಸೊಪ್ಪೂ ಇಗ್ವಾನದ ಎಲುಬೂ

ಮನೆಯಲ್ಲಿ ಹಲ್ಲಿಯಿರುವುದು ಹೊಸತಲ್ಲ. ಅದು ಮೈಮೇಲೆ ಬಿದ್ದಾಗ ಫಲವೇನೆಂದು ಪಂಚಾಂಗವನ್ನು ತೆರೆದು ನೋಡದ ಮನೆಗಳು ನಮ್ಮ ಕಡೆಯಲ್ಲಿ ವಿರಳ. ಅಮರಸಿಂಹನು ಮನೆಯ ಹಲ್ಲಿಗೆ ಮುಸಲೀ, ಗೃಹಗೋಧಿಕಾ ಎಂದೂ, ಬೇಲಿಯ ಓತಿಗೆ ಸರಟ, ಕೃಕಲಾಸ ಎಂದೂ ಹೆಸರುಗಳನ್ನು ಹೇಳಿದ್ದಾನೆ. ದಾನದಲ್ಲಿ ತಪ್ಪಿದ ನೃಗಮಹಾರಾಜನು ಓತಿಯಾಗಿ ಬಾವಿಯಲ್ಲಿ ಬಿದ್ದಿದ್ದ ಕಥೆಯು ಭಾಗವತದ ದಶಮಸ್ಕಂಧದಲ್ಲಿದೆ. ಆದರೆ ನಮ್ಮ ಮನೆಬೇಲಿಗಳಲ್ಲಿ ಕಾಣುವ ಈ ಜಾತಿಗಳು ಹುಳುಹುಪ್ಪಟೆಗಳನ್ನು ಹಿಡಿದು ತಮ್ಮ ಹೊಟ್ಟೆಯನ್ನು ತಾವೇ ಹೊರೆದುಕೊಳ್ಳುತ್ತವೆ. ಎಲೆಯಿಟ್ಟು ಉಣಬಡಿಸಬೇಕಾದ ಓತಿಯೊಂದುಂಟೆಂದು ನಾವು ತಿಳಿದದ್ದು, ಪಾಠಶಾಲೆಯಿಂದ ನಿವೃತ್ತರಾಗಿ ದೇರೆಬೈಲಿನ ಮನೆಯಲ್ಲಿ ಕುಳಿತ ಮೇಲೆಯೇ.

ಅದರ ಹೆಸರು ಇಗ್ವಾನಾ. ಮೆಕ್ಸಿಕೋದಿಂದ ಬ್ರೆಜಿಲಿನವರೆಗಿನ ಕಾಡುಗಳು ಅದರ ತವರು. ಹಸುರು ಬಣ್ಣ, ಬೆನ್ನಿನುದ್ದಕ್ಕೂ ಗರಗಸದಂತಹ ಮುಳ್ಳುಸಾಲು, ಗಂಟಲಿನ ಕೆಳಗೆ ಜೋಲುವ ಚರ್ಮ. ಬಾಲವೂ ಸೇರಿ ನಾಲ್ಕೈದು ಅಡಿ ಬೆಳೆಯುವ ಈ ಪ್ರಾಣಿಯು, ಸರಿಯಾಗಿ ನೋಡಿಕೊಂಡರೆ ೧೫–೨೦ ವರ್ಷ ಬಾಳಬಲ್ಲದು. ನಮ್ಮ ಕಿರಿಯ ಮಗನು ಉದ್ಯೋಗನಿಮಿತ್ತ ಬೆಂಗಳೂರಿಗೆ ಹೊರಟಾಗ ಒಂದೂವರೆ ಅಡಿಯ ಮರಿಯನ್ನು ಪಂಜರಸಮೇತ ನಮ್ಮಲ್ಲಿ ಬಿಟ್ಟನು. "ಅಪ್ಪಾ, ಸೊಪ್ಪು ಹಾಕಿದರೆ ಸಾಕು, ಬೇರೆ ಏನೂ ಉಪದ್ರವಿಲ್ಲ" ಎಂದು ಅವನು ಹೇಳಿದ್ದು ನಮಗೆ ಈಗಲೂ ನೆನಪಿದೆ.

ಇಲ್ಲಿ ಒಂದು ಮಾತನ್ನು ಹೇಳಿಯೇ ಮುಂದುವರಿಯಬೇಕು. ನಮ್ಮ ನಾಡಿನ ಉಡವನ್ನಾಗಲಿ, ನಕ್ಷತ್ರದ ಆಮೆಯನ್ನಾಗಲಿ ಹಿಡಿದು ಸಾಕುವುದು ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಪರಾಧ. ಇಗ್ವಾನವು ಪರದೇಶದ್ದಾದರೂ, ೨೦೨೨ರಲ್ಲಿ ಆ ಕಾಯಿದೆಗೆ ಆದ ತಿದ್ದುಪಡಿಯಿಂದಲೂ ೨೦೨೪ರ ನಿಯಮಗಳಿಂದಲೂ ಅದನ್ನು ಇಟ್ಟುಕೊಂಡವರು ಸರಕಾರದಲ್ಲಿ ನೋಂದಾಯಿಸಬೇಕಾಗಿದೆ. ಮಗನು ಈ ಕೆಲಸವನ್ನು ಮಾಡಿಯೇ ಹೋಗಿದ್ದನು. ಹೊಸದಾಗಿ ಒಂದನ್ನು ಕೊಳ್ಳಿರೆಂದು ನಾವು ಯಾರಿಗೂ ಹೇಳುವವರಲ್ಲ. ಬಂದು ಸೇರಿದ ಜೀವಕ್ಕೆ ಅನ್ನವಿಡುವ ಬಗೆಯನ್ನಷ್ಟೇ ಇಲ್ಲಿ ಬರೆಯುತ್ತಿದ್ದೇವೆ.

ಸೊಪ್ಪಿಗೇನು ಬರ? ನಮ್ಮ ಬಾವಿಕಟ್ಟೆಯ ಬಳಿಯಲ್ಲಿ ಬಸಳೆಯ ಚಪ್ಪರವಿದೆ. ಬಚ್ಚಲ ನೀರು ಕುಡಿದು ಅದು ಹಬ್ಬುವ ಸೊಗಸನ್ನು ಕರಾವಳಿಯ ಗೃಹಸ್ಥರಿಗೆ ವರ್ಣಿಸಿ ಹೇಳಬೇಕಾಗಿಲ್ಲ. ಅಂಗಳದ ಬದಿಯಲ್ಲಿ ಕೆಂಪು ಹರಿವೆಯ ಎರಡು ಪಾತಿ. ಇಗ್ವಾನವು ಬಸಳೆಯ ಕೊಬ್ಬಿದ ಎಲೆಯನ್ನು ಎಷ್ಟು ಆಸೆಯಿಂದ ತಿನ್ನುತ್ತಿತ್ತೆಂದರೆ, ನಮ್ಮ ಮನೆಯಾಕೆಯು ಸಾಂಬಾರಿಗೆ ಕೊಯ್ಯುವ ಮೊದಲು ಅದರ ಪಾಲನ್ನು ತೆಗೆದಿರಿಸತೊಡಗಿದಳು. ಜೂನಿನಲ್ಲಿ ಮಳೆ ಹಿಡಿಯಿತು. ಪಂಜರವನ್ನು ಗಾಜಿನ ಕಿಟಕಿಯ ಒಳಗಡೆ ಇಟ್ಟು, ಬೆಳಕು ಬೀಳುತ್ತಿದೆಯಲ್ಲಾ ಎಂದು ನಿಶ್ಚಿಂತರಾಗಿದ್ದೆವು. ಆಗಸ್ಟಿನ ಒಂದು ಬೆಳಗ್ಗೆ ನೋಡುವಾಗ ಅದರ ಕಾಲ್ಬೆರಳುಗಳು ನಡುಗುತ್ತಿದ್ದವು. ಹಿಂಗಾಲು ಬಾತಂತಿತ್ತು. ಕೆಳದವಡೆಯನ್ನು ಮುಟ್ಟಿದರೆ ರಬ್ಬರಿನಂತೆ ಬಾಗುತ್ತಿತ್ತು. ದಿನವೂ ಹೊಟ್ಟೆ ತುಂಬ ತಿಂದ ಪ್ರಾಣಿಯ ಎಲುಬು ಕರಗುತ್ತಿತ್ತು!

ಪಶುವೈದ್ಯರು ನಮ್ಮ ಎರಡು ತಪ್ಪುಗಳನ್ನೂ ತೋರಿಸಿಕೊಟ್ಟರು. ಬಸಳೆ, ಹರಿವೆ, ಪಾಲಕ್ ಮೊದಲಾದ ಸೊಪ್ಪುಗಳಲ್ಲಿ ಆಕ್ಸಾಲಿಕ್ ಆಮ್ಲವು ಹೇರಳ. ಅದು ಆಹಾರದಲ್ಲಿನ ಸುಣ್ಣಾಂಶವನ್ನು, ಅಂದರೆ ಕ್ಯಾಲ್ಸಿಯಮ್ಮನ್ನು, ಕಟ್ಟಿಹಾಕಿ ಮೈಗೆ ಸೇರಗೊಡುವುದಿಲ್ಲ. ಕೆಸುವಿನ ಎಲೆ ಬಾಯಿಯನ್ನು ತುರಿಸುವುದು ಇದೇ ಆಮ್ಲವೂ ಸುಣ್ಣವೂ ಕೂಡಿ ಆದ ಸೂಜಿಯಂತಹ ಹರಳುಗಳಿಂದ. ಪತ್ರೊಡೆಯ ಹಿಟ್ಟಿಗೆ ಹುಣಿಸೆಹುಳಿಯನ್ನು ಧಾರಾಳವಾಗಿ ಹಾಕುವುದು ಆ ತುರಿಕೆಯ ನಿವಾರಣೆಗಾಗಿಯೇ. ಮನುಷ್ಯರು ಸೊಪ್ಪನ್ನು ಬೇಯಿಸಿ, ತೆಂಗು ಬೇಳೆಗಳೊಡನೆ, ಒಂದು ದಿನ ಉಂಡು ಮರುದಿನ ಬಿಡುತ್ತಾರೆ. ನಮ್ಮ ಇಗ್ವಾನಕ್ಕೆ ನಾವು ಹಸಿಯದನ್ನೇ ನಿತ್ಯವೂ ಕೊಟ್ಟೆವು. ಎರಡನೆಯ ತಪ್ಪು ಗಾಜಿನದು. ತಿಂದ ಸುಣ್ಣಾಂಶವು ಎಲುಬನ್ನು ಸೇರಬೇಕಾದರೆ ಚರ್ಮದಲ್ಲಿ ಡಿ ಜೀವಸತ್ತ್ವವು ಹುಟ್ಟಬೇಕು. ಅದಕ್ಕೆ ಸೂರ್ಯನ ಅತಿನೇರಳೆ ಕಿರಣಗಳು ಬೇಕು. ಕಿಟಕಿಯ ಗಾಜು ಬೆಳಕನ್ನು ಬಿಟ್ಟು ಆ ಕಿರಣಗಳನ್ನು ತಡೆಯುತ್ತದೆ.

ಹಾಗಾದರೆ ಕೊಡತಕ್ಕ ಸೊಪ್ಪು ಯಾವುದು? ರಂಜಕಕ್ಕಿಂತ ಸುಣ್ಣಾಂಶವು ಸುಮಾರು ಇಮ್ಮಡಿಯಾಗಿರುವ ಎಲೆಗಳು ಬೇಕೆಂದು ವೈದ್ಯರ ಮತ. ಅಂತಹವುಗಳನ್ನು ಹುಡುಕಿಕೊಂಡು ನಾವು ದೂರ ಹೋಗಬೇಕಾಗಿರಲಿಲ್ಲ. ಪಾತಿಯಲ್ಲಿ ನೀರೆರೆದು ಮುದ್ದಿನಿಂದ ಬೆಳೆಸಿದವುಗಳು ಅದಕ್ಕೆ ಹಗೆಯಾಗಿದ್ದವು. ಬೇಲಿಯಲ್ಲಿ ಯಾರ ಆರೈಕೆಯೂ ಇಲ್ಲದೆ ನಿಂತ ದಾಸವಾಳವೂ, ಹಿತ್ತಿಲ ಮೂಲೆಯ ನುಗ್ಗೆಯೂ ಅದಕ್ಕೆ ಅನ್ನವಾಗಿದ್ದವು. ನೂರು ಗ್ರಾಮ್ ಹಸಿ ನುಗ್ಗೆಸೊಪ್ಪಿನಲ್ಲಿ ೩೦೦ ಮಿಲಿಗ್ರಾಮಿಗೂ ಹೆಚ್ಚು ಸುಣ್ಣಾಂಶವಿದೆ. ದಾಸವಾಳದ ಎಲೆ, ಹೂವು ಎರಡನ್ನೂ ಇಗ್ವಾನವು ತಿನ್ನುತ್ತದೆ. ಹೂವನ್ನಂತೂ ಕಂಡೊಡನೆ ಕತ್ತೆತ್ತುತ್ತದೆ. ಬೆಳಗಿನ ಹೂವು ದೇವರಿಗೆ, ಮಿಕ್ಕಿದ್ದು ಇಗ್ವಾನಕ್ಕೆ ಎಂದು ನಮ್ಮ ಮನೆಯಲ್ಲಿ ಒಪ್ಪಂದವಾಗಿದೆ.

ಮೂರನೆಯದು ಹಿಪ್ಪುನೇರಳೆ. ರೇಷ್ಮೆಯ ಹುಳುವನ್ನು ಸಾಕುವ ಈ ಎಲೆಯು ಇಗ್ವಾನಕ್ಕೂ ಶ್ರೇಷ್ಠ ಆಹಾರ. ದಕ್ಷಿಣ ಕನ್ನಡದಲ್ಲಿ ಅದು ವಿರಳವಾದ್ದರಿಂದ ರಾಮನಗರದ ಕಡೆಯ ಮಿತ್ರರೊಬ್ಬರಿಂದ ಕಡ್ಡಿಗಳನ್ನು ತರಿಸಿದೆವು. ಪೆನ್ಸಿಲಿನಷ್ಟು ದಪ್ಪ, ಗೇಣುದ್ದ, ಮೂರು ನಾಲ್ಕು ಕಣ್ಣುಗಳಿರುವ ಕಡ್ಡಿಯಾಗಿರಬೇಕು. ಎರಡು ಕಣ್ಣು ಮಣ್ಣಿನೊಳಗೆ ಹೋಗುವಂತೆ ನೆಟ್ಟು, ಚಿಗುರುವವರೆಗೆ ನೆರಳಿನಲ್ಲಿಡಬೇಕು. ನಾವು ನೆಟ್ಟ ಹತ್ತರಲ್ಲಿ ನಾಲ್ಕು ಕೊಳೆತವು. ದೇರೆಬೈಲು ಹೆಸರಿನಲ್ಲಿ ಬೈಲಾದರೂ ನಮ್ಮ ಹಿತ್ತಿಲಿನಲ್ಲಿ ಇರುವುದು ಮುರಕಲ್ಲಿನ ಕೆಂಪು ಮಣ್ಣು. ನಮ್ಮ ಘನವಾದ ಮಳೆಯು ಅದರ ಸಾರವನ್ನೂ ಸುಣ್ಣವನ್ನೂ ತೊಳೆದುಕೊಂಡು ಹೋಗುತ್ತದೆ. ಆದಕಾರಣ ಒಂದು ಗೇಣು ಎತ್ತರದ ದಿಬ್ಬವನ್ನು ಕಟ್ಟಿ, ಸುಡುಮಣ್ಣನ್ನೂ ಹಳೆಯ ಸೆಗಣಿಗೊಬ್ಬರವನ್ನೂ ಬೆರಸಿ, ಒಂದು ಹಿಡಿ ಚಿಪ್ಪಿನ ಸುಣ್ಣವನ್ನು ಉದುರಿಸಿ ನೆಟ್ಟೆವು. ಉಳಿದ ಆರೂ ಎದ್ದು ನಿಂತವು. ನುಗ್ಗೆಗೂ ಇದೇ ದಿಬ್ಬ ಬೇಕು. ಬೇರಿನಲ್ಲಿ ನೀರು ನಿಂತರೆ ಅದು ಬದುಕದು. ಮರವಾಗಲು ಬಿಡದೆ ನಾಲ್ಕು ಅಡಿಯಲ್ಲಿ ತುದಿಯನ್ನು ಚಿವುಟುತ್ತ ಬಂದರೆ ಕೈಗೆಟಕುವಂತೆ ಕವಲೊಡೆಯುತ್ತದೆ. ಜಾಗವಿಲ್ಲದವರು ದೊಡ್ಡ ಕುಂಡದಲ್ಲಿಯೂ ಬೆಳೆಸಬಹುದು.

ಕೀಟಗಳ ವಿಚಾರದಲ್ಲಿ ಎಚ್ಚರಿಕೆ ಬೇಕು. ಮಳೆಗಾಲದಲ್ಲಿ ನುಗ್ಗೆಗೆ ಕಂಬಳಿಹುಳುಗಳು ಗುಂಪುಗುಂಪಾಗಿ ಹತ್ತುತ್ತವೆ. ದಾಸವಾಳಕ್ಕೆ ಬಿಳಿಯ ಹಿಟ್ಟಿನ ತಿಗಣೆ. ವಿಷವನ್ನು ಸಿಂಪಡಿಸಿದ ಎಲೆಯನ್ನು ತಿನ್ನಿಸುವಂತಿಲ್ಲ. ಹುಳುಗಳನ್ನು ಪೊರಕೆಯಿಂದ ಸಾಬೂನು ನೀರಿಗೆ ಕೆಡಹುತ್ತೇವೆ; ತಿಗಣೆಯನ್ನು ನೀರಿನ ರಭಸದಿಂದ ತೊಳೆಯುತ್ತೇವೆ. ಅಡಿಕೆಮರಗಳಿಗೆ ಮೈಲುತುತ್ತು ಸುಣ್ಣಗಳ ಬೋರ್ಡೋ ದ್ರಾವಣವನ್ನು ಹೊಡೆಯುವ ಕಾಲದಲ್ಲಿ ಮರದ ಬುಡದ ಸೊಪ್ಪನ್ನು ಯಾರು ಕೊಟ್ಟರೂ ಸ್ವೀಕರಿಸುವುದಿಲ್ಲ. ಕಣಗಿಲೆಯು ವಿಷವೆಂಬುದನ್ನು ಮಕ್ಕಳೂ ಬಲ್ಲರು. ಆದರೂ ಬೇಲಿಯಲ್ಲಿ ದಾಸವಾಳದ ಜೊತೆಗೆ ಅದು ಬೆಳೆದಿದ್ದರೆ ಕೊಯ್ಯುವ ಕೆಲಸವನ್ನು ಮಕ್ಕಳಿಗೆ ಒಪ್ಪಿಸಲಾಗದು.

ಈಗಿನ ನಮ್ಮ ಕ್ರಮ ಹೀಗಿದೆ. ಸೂರ್ಯನು ಏರಿ ಪ್ರಾಣಿಯ ಮೈ ಬಿಸಿಯಾದ ಮೇಲೆಯೇ ಊಟ. ಎಲೆಯ ನಾರು ಅದರ ದೊಡ್ಡ ಕರುಳಿನಲ್ಲಿ ಸೂಕ್ಷ್ಮಜೀವಿಗಳಿಂದ ಹುದುಗು ಬಂದು ಜೀರ್ಣವಾಗಬೇಕು. ಮೈ ತಣ್ಣಗಿದ್ದರೆ ಆ ಕೆಲಸ ನಡೆಯುವುದಿಲ್ಲ. ಹಿಪ್ಪುನೇರಳೆ, ದಾಸವಾಳ, ನುಗ್ಗೆ ಮೂರನ್ನೂ ಸಣ್ಣಗೆ ಹೆಚ್ಚಿ ಎರಡು ಮುಷ್ಟಿ. ಅದರ ಮೇಲೆ ತುರಿದ ಸಿಹಿಗುಂಬಳವೋ ಅಲಸಂಡೆಯೋ ಸ್ವಲ್ಪ. ವಾರಕ್ಕೊಮ್ಮೆ ಪಪ್ಪಾಯಿಯ ಒಂದು ಹೋಳು. ಕೆಲವರು ಬೆಕ್ಕಿನ ಆಹಾರವನ್ನೂ ಮೊಟ್ಟೆಯನ್ನೂ ಹಾಕುತ್ತಾರೆಂದು ಕೇಳಿದ್ದೇವೆ. ಅದರಿಂದ ಮೂತ್ರಪಿಂಡಗಳು ಕೆಡುತ್ತವೆ. ಈ ಜಾತಿಯು ಮೊಟ್ಟೆಯೊಡೆದು ಬಂದ ದಿನದಿಂದಲೇ ಶಾಕಾಹಾರಿ. ಮುಟ್ಟಿದ ಮೇಲೆ ಸಾಬೂನಿನಿಂದ ಕೈತೊಳೆಯುವುದು ಕಡ್ಡಾಯ. ಇವುಗಳ ಮೈಯಲ್ಲಿ ಹೊಟ್ಟೆಬೇನೆಯನ್ನು ತರುವ ಸಾಲ್ಮೊನೆಲ್ಲಾ ಎಂಬ ರೋಗಾಣು ಇರಬಹುದು. ಪಂಜರವನ್ನು ಅಡುಗೆಮನೆಯ ಹತ್ತಿರ ಬರಗೊಡಲಾರೆನೆಂದು ನಮ್ಮ ಮನೆಯಾಕೆ ಮೊದಲೇ ಹೇಳಿದ್ದಳು. ಈ ಸಂಗತಿಯನ್ನು ತಿಳಿದ ಮೇಲೆ ನಾವು ವಾದಿಸುವುದನ್ನು ಬಿಟ್ಟೆವು.

ಬಿಸಿಲಿರುವ ತಿಂಗಳುಗಳಲ್ಲಿ ಪಂಜರವನ್ನು, ಅರ್ಧಕ್ಕೆ ನೆರಳಿರುವಂತೆ, ಅಂಗಳದಲ್ಲಿಡುತ್ತೇವೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಅತಿನೇರಳೆ ಕಿರಣದ ದೀಪವೇ ಗತಿ. ಅದು ಉರಿಯುತ್ತಿದ್ದರೂ ಅದರ ಕಿರಣಬಲವು ಕುಂದುವುದರಿಂದ ಪ್ರತಿವರ್ಷವೂ ಬದಲಾಯಿಸುತ್ತೇವೆ. ವೈದ್ಯರು ಹೇಳಿದ ಸುಣ್ಣದ ಪುಡಿಯನ್ನು ಸೊಪ್ಪಿನ ಮೇಲೆ ಚಿಟಿಕೆಯಷ್ಟು ಉದುರಿಸುವುದುಂಟು.

ನಡುಕ ನಿಂತು ವರ್ಷವೆರಡಾಯಿತು. ಹಿಂಗಾಲಿನ ಬಾವು ಇಳಿದು, ಈಗ ಅದು ಪೇರಳೆಮರದ ಗೆಲ್ಲಿಗೆ ತಾನೇ ಹತ್ತುತ್ತದೆ. ದವಡೆಯು ಗಟ್ಟಿಯಾಗಿದೆ, ಆದರೆ ವಾರೆಯಾಗಿಯೇ ಗಟ್ಟಿಯಾಯಿತು. ಬಾಯಿ ಮುಚ್ಚಿದಾಗಲೂ ಎಡಗಡೆಯಲ್ಲಿ ಸ್ವಲ್ಪ ತೆರೆದೇ ಇರುತ್ತದೆ, ಅಗಿಯುವಾಗ ಆ ಕಡೆಯಿಂದ ಎಲೆಯ ಚೂರುಗಳು ಉದುರುತ್ತವೆ. ಅದಕ್ಕಾಗಿ ಸೊಪ್ಪನ್ನು ಇನ್ನಷ್ಟು ಸಣ್ಣಗೆ ಹೆಚ್ಚುತ್ತೇವೆ.