ನವೆಂಬರ್ ಕೊನೆಯ ವಾರ: ಹೊಸೂರಿಗೆ ಒಂದು ಹವೆ, ಕೃಷ್ಣಗಿರಿಗೆ ಇನ್ನೊಂದು

ನವೆಂಬರ್ ಕೊನೆಯ ವಾರ ಬಂತೆಂದರೆ ನಮ್ಮ ಸದಸ್ಯರು ಫೋನಿನಲ್ಲಿ ಕೇಳುವ ಒಂದು ಮಾತು ತಪ್ಪುವುದಿಲ್ಲ: "ಭಾನುವಾರ ಮಳೆ ಬರ್ತದಾ?" ತಳಿ, ಕೆಲಮಂಗಲದ ಕಡೆಯವರು ಕೇಳುವುದು ಹೊಲದಲ್ಲಿ ಕೊಯ್ದು ಬಿಟ್ಟ ರಾಗಿಯ ಚಿಂತೆಯಿಂದ. ಹೊಸೂರು ಪೇಟೆಯವರು ಕೇಳುವುದು ರಾಜ್ಯೋತ್ಸವದ ಶಾಮಿಯಾನದ ಚಿಂತೆಯಿಂದ. ಇಬ್ಬರಿಗೂ ಟಿವಿಯಲ್ಲಿ ಎರಡೆರಡು ಉತ್ತರ ಸಿಗುತ್ತವೆ. ಬೆಂಗಳೂರಿನ ಕನ್ನಡ ವಾಹಿನಿ ಒಣ ಹವೆ ಎನ್ನುತ್ತದೆ. ಅದೇ ಸಂಜೆ ಚೆನ್ನೈನ ತಮಿಳು ವಾಹಿನಿ ಕೃಷ್ಣಗಿರಿ ಜಿಲ್ಲೆಯಲ್ಲಿ ಮಳೆ ಎನ್ನುತ್ತದೆ. ಎರಡೂ ನಿಜವಾಗಿರಬಹುದು. ಗಡಿಯಲ್ಲಿರುವ ನಾವು ಯಾವುದನ್ನು ಎಷ್ಟರಮಟ್ಟಿಗೆ ತೆಗೆದುಕೊಳ್ಳಬೇಕು ಎಂಬುದನ್ನು ಇಲ್ಲಿ ಬಿಡಿಸಿ ಹೇಳುತ್ತಿದ್ದೇವೆ.

ಮೊದಲು ಚಳಿಯ ಮಾತು. ಹೊಸೂರು ಇರುವುದು ತಮಿಳುನಾಡಿನಲ್ಲಾದರೂ ನೆಲ ಬೆಂಗಳೂರಿನ ಪ್ರಸ್ಥಭೂಮಿಯದೇ. ಆನೇಕಲ್, ಅತ್ತಿಬೆಲೆ ದಾಟಿ ಬಂದರೆ ಗಡಿಯ ಫಲಕ ಬದಲಾಗುತ್ತದೆ, ಗಾಳಿ ಬದಲಾಗುವುದಿಲ್ಲ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರ. ಅದೇ ಹೆದ್ದಾರಿಯಲ್ಲಿ ಸುಮಾರು 50 ಕಿ.ಮೀ. ಹೋಗಿ, ಶೂಲಗಿರಿ ದಾಟಿ ಇಳಿದರೆ ಸಿಗುವ ಕೃಷ್ಣಗಿರಿ 350 ಮೀಟರಿಗೂ ಹೆಚ್ಚು ತಗ್ಗಿನಲ್ಲಿದೆ. ಎತ್ತರ ಒಂದು ಕಿಲೋಮೀಟರ್ ಏರಿದರೆ ತಾಪಮಾನ ಸರಾಸರಿ 6.5 ಡಿಗ್ರಿ ಇಳಿಯುತ್ತದೆ ಎಂಬ ಲೆಕ್ಕದಲ್ಲಿ, ಈ ಎರಡು ಊರುಗಳ ನಡುವೆ ಎರಡರಿಂದ ಮೂರು ಡಿಗ್ರಿ ವ್ಯತ್ಯಾಸ ಇದ್ದೇ ಇರುತ್ತದೆ. ಬೆಂಗಳೂರಿನಲ್ಲಿ ಈ ವಾರಗಳ ವಾಡಿಕೆ ಹಗಲು 26-27 ಡಿಗ್ರಿ, ಬೆಳಗಿನ ಜಾವ 16-17 ಡಿಗ್ರಿ. ಹೊಸೂರಿನವರು ಅದನ್ನೇ ತಮ್ಮದೆಂದು ಓದಿಕೊಳ್ಳಬಹುದು. ಇನ್ನೂ ಎತ್ತರದ ತಳಿಯವರು ಒಂದು ಕಂಬಳಿ ಹೆಚ್ಚಿಟ್ಟುಕೊಳ್ಳಲಿ. ಕೃಷ್ಣಗಿರಿ, ಕಾವೇರಿಪಟ್ಟಣದವರು ಎರಡು ಮೂರು ಡಿಗ್ರಿ ಕೂಡಿಸಿಕೊಳ್ಳಲಿ. 2004ರಲ್ಲಿ ಧರ್ಮಪುರಿಯಿಂದ ಬೇರೆಯಾದ ಕೃಷ್ಣಗಿರಿ ಜಿಲ್ಲೆಗೆ ಮುನ್ಸೂಚನೆಯಲ್ಲಿ ಒಂದೇ ಸಾಲು ಇರುತ್ತದೆ. ಅದು ಮೇಲಿನ ತಳಿಗೂ ಕೆಳಗಿನ ಊತ್ತಂಗರೈಗೂ ಒಟ್ಟಿಗೆ ಬರೆದ ಸಾಲು ಎಂಬುದು ನೆನಪಿರಲಿ.

ಮಳೆಯ ವಿಷಯದಲ್ಲಿ ಮಾತ್ರ ಚೆನ್ನೈ ಕಡೆ ಕಿವಿ ಕೊಡಬೇಕು. ಈಗ ನಡೆಯುತ್ತಿರುವುದು ಹಿಂಗಾರು. ನಮ್ಮ ರೈತರ ಲೆಕ್ಕದಲ್ಲಿ ಅನುರಾಧ ಮಳೆಯ ಕಾಲ, ನವೆಂಬರ್ 19-20ರಿಂದ ಡಿಸೆಂಬರ್ 2-3ರವರೆಗೆ. ಈ ಮಳೆ ಹುಟ್ಟುವುದು ಬಂಗಾಳ ಕೊಲ್ಲಿಯಲ್ಲಿ. ಕೊಲ್ಲಿ ಸುಮ್ಮನಿದ್ದರೆ ಈಶಾನ್ಯದಿಂದ ಒಣ ಗಾಳಿ ಬೀಸುತ್ತದೆ, ಆಕಾಶ ತಿಳಿಯಾಗಿರುತ್ತದೆ. ಅಲ್ಲಿ ವಾಯುಭಾರ ಕುಸಿದರೆ ಮೂಡಣ ಗಾಳಿ ತೇವ ಹೊತ್ತು ತರುತ್ತದೆ.

ತಮಿಳು ವಾರ್ತೆಯಲ್ಲಿ "ಓರಿರು ಇಡಂಗಳಿಲ್" ಎಂದು ಕೇಳಿದ ಕೂಡಲೇ ನಮ್ಮಲ್ಲಿ ಹಲವರು ಕೊಯ್ಲು ನಿಲ್ಲಿಸಿಬಿಡುತ್ತಾರೆ. ಒಂದೆರಡು ಕಡೆ ಎಂಬ ಆ ಮಾತಿಗೆ ಹವಾಮಾನ ಇಲಾಖೆಯಲ್ಲಿ ಅಳತೆ ಇದೆ: ಆ ಪ್ರದೇಶದ ಮಳೆಮಾಪಕಗಳಲ್ಲಿ ಕಾಲು ಭಾಗಕ್ಕಿಂತ ಹೆಚ್ಚಿನ ಕಡೆ ಮಳೆ ನಿರೀಕ್ಷೆ ಇಲ್ಲ ಎಂದರ್ಥ. "ಪೆರುಂಬಾಲಾನ ಇಡಂಗಳಿಲ್" ಎಂದರೆ ಬಹುತೇಕ ಕಡೆ, ಮುಕ್ಕಾಲು ಭಾಗಕ್ಕೂ ಮೀರಿ. ಹಾಗೆಯೇ "ಸಾಧಾರಣ ಮಳೆ" ಎಂಬುದು ಕೇಳಲು ಸೌಮ್ಯ, ಆದರೆ 24 ಗಂಟೆಯಲ್ಲಿ 15.6ರಿಂದ 64.4 ಮಿ.ಮೀ. ತನಕ ಎಲ್ಲವೂ ಅದರೊಳಗೇ ಬರುತ್ತದೆ. ಅರಿ ಬಿಟ್ಟ ರಾಗಿಗೆ ಅದರ ಅರ್ಧ ಸಾಕು. ತೆನೆ ನೆನೆದು ಎರಡು ದಿನ ಬಿಸಿಲು ಕಾಣದಿದ್ದರೆ ಕಾಳು ಮೊಳಕೆ ಒಡೆಯುತ್ತದೆ, ಹುಲ್ಲು ಕಪ್ಪಾಗಿ ದನ ಮೂಸುವುದಿಲ್ಲ. ಆದ್ದರಿಂದ ಎಷ್ಟು ಕಡೆ, ಎಷ್ಟು ಮಿ.ಮೀ. ಎಂಬ ಎರಡನ್ನೂ ಕೇಳಿಸಿಕೊಂಡು ಕುಡುಗೋಲು ಹಿಡಿಯಬೇಕು. ಒಂದೆರಡು ಕಡೆ ಹಗುರ ಮಳೆ ಎಂದಿದ್ದರೆ ಕೊಯ್ಲು ನಿಲ್ಲಿಸಬೇಕಾಗಿಲ್ಲ, ಕೊಯ್ದದ್ದನ್ನು ಸಂಜೆಯೊಳಗೆ ಕಟ್ಟಿ ಮೆದೆ ಹಾಕಿದರಾಯಿತು. ಬಹುತೇಕ ಕಡೆ ಎಂದಿದ್ದರೆ ಪೈರು ನಿಂತೇ ಇರಲಿ. ಕೊಯ್ದು ನೆಲದಲ್ಲಿ ಬಿದ್ದ ತೆನೆಗಿಂತ ನಿಂತ ತೆನೆ ಬೇಗ ಆರುತ್ತದೆ.

ಈ ಬಾರಿ ಚಳಿಯೇ ಇಲ್ಲ, ಹವೆ ಹಿತವಾಗಿದೆ ಎಂದು ಕೆಲವು ವರ್ಷ ಅನ್ನಿಸುತ್ತದಲ್ಲ, ಅದಕ್ಕೂ ಕೊಲ್ಲಿಯೇ ಕಾರಣ. ಹಗಲು ಕಾದ ನೆಲ ರಾತ್ರಿ ತನ್ನ ಶಾಖವನ್ನು ಆಕಾಶಕ್ಕೆ ಬಿಡುತ್ತದೆ. ಮೋಡ ಮುಚ್ಚಿದ್ದರೆ ಆ ಶಾಖ ಪೂರ್ತಿ ಹೋಗಲಾರದು, ಬೆಳಗಿನ ಜಾವ ಬೆಚ್ಚಗಿರುತ್ತದೆ. ಆಕಾಶ ತಿಳಿಯಾದ ರಾತ್ರಿಯೇ ಚಳಿ ಕೊರೆಯುವುದು, ಇಬ್ಬನಿ ಸುರಿಯುವುದು. ಮಳೆ ಬಂದು ನೆಲ ತೇವವಾಗಿ, ಮರುದಿನ ರಾತ್ರಿ ಮೋಡ ಚದುರಿ, ಗಾಳಿಯೂ ನಿಂತರೆ ಬೆಳಿಗ್ಗೆ ದಟ್ಟ ಮಂಜು ಖಚಿತ ಎನ್ನಬಹುದು. ಅಂಥ ದಿನ ಹೆದ್ದಾರಿಯಲ್ಲಿ ಬೈಕಿನಲ್ಲಿ ಬರುವವರು ಎಂಟು ಗಂಟೆಯ ಮೇಲೆ ಹೊರಡುವುದು ಲೇಸು, ಅದರಲ್ಲೂ ಶೂಲಗಿರಿಯಿಂದ ಮುಂದಿನ ಇಳಿಜಾರಿನಲ್ಲಿ. ಚಳಿ ಬರಲಿಲ್ಲವೆಂದು ಬೇಸರಪಡುವವರು ಒಬ್ಬರಿದ್ದಾರೆ, ಅವರೆಕಾಯಿ ಪ್ರಿಯರು. ಇಬ್ಬನಿ ಬೀಳದೆ ಸೊಗಡು ಕೂರದು ಎಂಬ ಅವರ ದೂರನ್ನು ನಾವೂ ಒಪ್ಪುತ್ತೇವೆ. ಹಸಿರುಮನೆಯಲ್ಲಿ ಗುಲಾಬಿ ಬೆಳೆಯುವವರಿಗೂ ರಾಯಕೋಟೆ ಕಡೆಯ ಟೊಮೆಟೊ ಬೆಳೆಗಾರರಿಗೂ ಹಿತವಾದ ಮೋಡದ ವಾರ ಹಿತವಲ್ಲ. ಎಲೆ ಒಣಗದ ತೇವದಲ್ಲಿ ಶಿಲೀಂಧ್ರ ರೋಗ, ಮುಖ್ಯವಾಗಿ ಟೊಮೆಟೊಗೆ ಅಂಗಮಾರಿ, ಬೇಗ ಹಬ್ಬುತ್ತದೆ.

ಹಿತವಾದ ವಾರವೊಂದು ಹೇಗೆ ತಿರುಗಿಬಿಡುತ್ತದೆ ಎಂಬುದನ್ನು 2024ರಲ್ಲಿ ನಮ್ಮ ಜಿಲ್ಲೆಯೇ ಕಂಡಿತು. ಫೆಂಗಲ್ ಚಂಡಮಾರುತ ನವೆಂಬರ್ 30ರ ರಾತ್ರಿ ಪುದುಚೇರಿ ಬಳಿ ದಡ ಸೇರಿತು. ದಡ ಸೇರಿತಲ್ಲ, ಇನ್ನೇನು ಎಂದು ಎಷ್ಟೋ ಜನ ನಿರಾಳರಾದರು. ಆದರೆ ಅದು ಅಲ್ಲೇ ಬಹಳ ಹೊತ್ತು ನಿಂತು, ದುರ್ಬಲವಾಗಿ, ನಿಧಾನಕ್ಕೆ ಪಶ್ಚಿಮಕ್ಕೆ ಬಂತು. ಡಿಸೆಂಬರ್ 2ರ ಬೆಳಿಗ್ಗೆಗೆ ಮುಗಿದ 24 ಗಂಟೆಯಲ್ಲಿ ಊತ್ತಂಗರೈಯಲ್ಲಿ ಬಿದ್ದ ಮಳೆ 503 ಮಿ.ಮೀ. ಇಲಾಖೆಯ ಅಳತೆಯಲ್ಲಿ 204.4 ಮಿ.ಮೀ. ದಾಟಿದರೆ ಅತ್ಯಂತ ಭಾರಿ ಮಳೆ, ಇದು ಅದರ ಎರಡೂವರೆ ಪಟ್ಟು ಹತ್ತಿರ. ನಿಲ್ಲಿಸಿದ್ದ ವಾಹನಗಳು ನೀರಿನಲ್ಲಿ ಕೊಚ್ಚಿಹೋದವು. ಚಂಡಮಾರುತಕ್ಕೆ "ದುರ್ಬಲ" ಎಂಬ ಮಾತು ಗಾಳಿಯ ವೇಗಕ್ಕೆ ಹೇಳುವುದು. ಅದರ ಹೊಟ್ಟೆಯಲ್ಲಿರುವ ನೀರಿಗೆ ಅಲ್ಲ.

ಬೆಂಗಳೂರಿನ ಮುನ್ಸೂಚನೆಯನ್ನು ನೋಡಲು ಇನ್ನೊಂದು ಕಾರಣ ನದಿ. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟುವ ದಕ್ಷಿಣ ಪಿನಾಕಿನಿ ಬೆಂಗಳೂರಿನ ಪೂರ್ವದ ನೀರನ್ನೆಲ್ಲ ಕೂಡಿಸಿಕೊಂಡು ಹೊಸೂರಿನ ಕೆಲವರಪಳ್ಳಿ ಅಣೆಕಟ್ಟಿಗೆ, ಅಲ್ಲಿಂದ ಕೃಷ್ಣಗಿರಿ ಅಣೆಕಟ್ಟಿಗೆ ಬರುತ್ತದೆ. ನಮ್ಮಲ್ಲಿ ಒಂದು ಹನಿ ಬೀಳದಿದ್ದರೂ ಮೇಲೆ ಸುರಿದರೆ ಕೆಲವರಪಳ್ಳಿಯ ಬಾಗಿಲು ತೆರೆಯುತ್ತಾರೆ, ನೊರೆ ತುಂಬಿದ ನೀರು ಕೆಳಗೆ ಹರಿಯುತ್ತದೆ. ಹೊಳೆದಂಡೆಯಲ್ಲಿ ಪಂಪ್‌ಸೆಟ್ ಇಟ್ಟವರು, ದನ ಕಟ್ಟುವವರು ಇದನ್ನು ಮರೆಯಬಾರದು.

ಫೋನಿನಲ್ಲಿ ನೋಡುವವರಿಗೆ ಹವಾಮಾನ ಇಲಾಖೆಯ ಮೌಸಮ್ ಆ್ಯಪ್ ಇದೆ, ರೈತರಿಗೆ ಮೇಘದೂತ್ ಇದೆ. ಮೇಘದೂತ್‌ನಲ್ಲಿ ಕೃಷಿ ಸಲಹೆ ಮಂಗಳವಾರ ಮತ್ತು ಶುಕ್ರವಾರ ಹೊಸದಾಗುತ್ತದೆ. ಕೃಷ್ಣಗಿರಿ ಜಿಲ್ಲೆಯ ಜೊತೆಗೆ ಬೆಂಗಳೂರು ನಗರ ಜಿಲ್ಲೆಯನ್ನೂ ನೋಡಿ. ಐದು ದಿನ ಮುಂದಿನ ಮಾತನ್ನು ಸೂಚನೆ ಎಂದಷ್ಟೇ ತಿಳಿದು, ಕೊಯ್ಲನ್ನೂ ಶಾಮಿಯಾನವನ್ನೂ ಕೊನೆಯ ಎರಡು ದಿನದ ಮುನ್ಸೂಚನೆ ನೋಡಿ ತೀರ್ಮಾನಿಸಿ.

ನಮ್ಮ ಭಾನುವಾರದ ಕಾರ್ಯಕ್ರಮಗಳ ಮಟ್ಟಿಗೆ ನಾವು ಮಾಡಿಕೊಂಡಿರುವ ಏರ್ಪಾಡು ಇಷ್ಟು: ಶುಕ್ರವಾರ ಸಂಜೆ ಮುನ್ಸೂಚನೆ ನೋಡಿ, ಹಳದಿ ಎಚ್ಚರಿಕೆಗಿಂತ ಮೇಲೆ ಹೋಗಿದ್ದರೆ ಬಯಲಿನಿಂದ ಸಭಾಂಗಣಕ್ಕೆ ಬದಲಾಯಿಸಿ, ಶನಿವಾರ ಬೆಳಿಗ್ಗೆಯೊಳಗೆ ಎಲ್ಲರಿಗೂ ತಿಳಿಸುತ್ತೇವೆ. ಅಂಚೆಟ್ಟಿ, ಡೆಂಕಣಿಕೋಟೆ ಕಡೆಗೆ ರಾತ್ರಿ ಬಸ್ಸಿನಲ್ಲಿ ಮರಳುವವರು ಮಕ್ಕಳಿಗೊಂದು ಸ್ವೆಟರ್ ತನ್ನಿ.