ದೆವ್ವದ ಪುಸ್ತಕವೂ ಮನಸ್ಸು ಓದುವ ಆಟವೂ

ಮೇಜಿನ ಮೇಲೆ ಅಂಚು ಸುಟ್ಟ, ಕಪ್ಪು ರಟ್ಟಿನ ಹಳೆಯ ಪುಸ್ತಕ. ಪ್ರೇಕ್ಷಕರಲ್ಲಿ ಒಬ್ಬರು ಎದ್ದು ಬಂದು ತಮಗೆ ಬೇಕಾದ ಪುಟ ತೆರೆಯುತ್ತಾರೆ. ದೆವ್ವದ ಕಥೆಯ ನಾಲ್ಕು ಸಾಲು ಮನಸ್ಸಿನಲ್ಲೇ ಓದಿ, ಒಂದು ಪದ ನೆನಪಿಟ್ಟುಕೊಂಡು ಪುಸ್ತಕ ಮುಚ್ಚುತ್ತಾರೆ. ದೂರ ನಿಂತ ಕಲಾವಿದ ಅವರ ಮುಖವನ್ನೇ ನೋಡುತ್ತ, ‘ಬಾವಿ... ಅಲ್ಲ, ಬಾವಿಗೆ ಇಳಿಬಿಟ್ಟದ್ದು... ಹಗ್ಗ’ ಎನ್ನುತ್ತಾನೆ.

ಮನಸ್ಸನ್ನು ಓದಿದಂತೆ ತೋರಿಸುವ ಈ ಜಾದೂವಿಗೆ ಮೆಂಟಲಿಸಂ ಎಂದು ಹೆಸರು. ಪುಸ್ತಕ ಹಿಡಿದು ಮಾಡುವ ಬಗೆಯನ್ನು ಜಾದೂಗಾರರು ಬುಕ್ ಟೆಸ್ಟ್ ಎನ್ನುತ್ತಾರೆ. ಅಡುಗೆ ಪುಸ್ತಕದಿಂದಲೂ ಇದನ್ನು ಮಾಡಬಹುದು. ಆದರೆ ಅಲ್ಲಿ ಜನ ಕೂಡಲೇ ‘ಹೇಗೆ ಮಾಡಿದ?’ ಎಂದು ಲೆಕ್ಕ ಹಾಕಲು ಶುರುಮಾಡುತ್ತಾರೆ. ಸ್ಮಶಾನದ ಕಥೆಯಾದರೆ ಮೊದಲು ಮೈ ಜುಮ್ಮೆನ್ನುತ್ತದೆ, ಲೆಕ್ಕ ಆಮೇಲೆ. ಆ ನಡುವಿನ ಗಳಿಗೆಯೇ ಕಲಾವಿದನ ಬಂಡವಾಳ.

ಇಂಥ ಪುಸ್ತಕಗಳ ಚರಿತ್ರೆ ದೊಡ್ಡದು. 1584ರಲ್ಲಿ ಇಂಗ್ಲೆಂಡಿನ ರೆಜಿನಾಲ್ಡ್ ಸ್ಕಾಟ್ ‘ದಿ ಡಿಸ್ಕವರಿ ಆಫ್ ವಿಚ್‌ಕ್ರಾಫ್ಟ್’ ಬರೆದ. ಮಾಟಗಾತಿಯರೆಂದು ಬಡ ಹೆಂಗಸರನ್ನು ಕೊಲ್ಲುತ್ತಿದ್ದ ಕಾಲ ಅದು. ಜನ ಮಾಟವೆಂದು ಹೆದರುವ ಎಷ್ಟೋ ಸಂಗತಿ ಬರಿಯ ಕೈಚಳಕ ಎಂದು ತೋರಿಸಲು ಆತ ಜಾದೂವಿನ ಗುಟ್ಟುಗಳನ್ನೇ ಬಿಚ್ಚಿಟ್ಟ. ಊದಿ ತೆರೆದಾಗಲೆಲ್ಲ ಬೇರೆ ಬೇರೆ ಚಿತ್ರ ತೋರುವ ಪುಸ್ತಕವೂ ಅದರಲ್ಲಿದೆ. ಹಾಳೆಗಳ ಅಂಚಿಗೆ ಬೇರೆ ಬೇರೆ ಎತ್ತರದಲ್ಲಿ ಕಚ್ಚು ಮಾಡಿರುತ್ತಾರೆ. ಹೆಬ್ಬೆರಳನ್ನು ಯಾವ ಎತ್ತರದಲ್ಲಿಟ್ಟು ಹಾಳೆ ಹರಿಬಿಡುತ್ತೀರೋ ಅದಕ್ಕೆ ತಕ್ಕ ಪುಟಗಳಷ್ಟೇ ಕಣ್ಣಿಗೆ ಬೀಳುತ್ತವೆ. 1970ರ ದಶಕದಲ್ಲಿ ಅಮೆರಿಕದ ಜಾದೂಗಾರ ಟೋನಿ ಆಂಡ್ರುಜ್ಜಿ ಮಾಟದ ಗ್ರಂಥಗಳಂತೆ ಕಾಣುವ ಪುಸ್ತಕಗಳನ್ನು ಕೈಯಿಂದಲೇ ತಯಾರಿಸಿದ. ಭಯಾನಕ ಕಥೆಗಾರ ಲವ್‌ಕ್ರಾಫ್ಟ್ ತನ್ನ ಕಥೆಗಳಿಗಾಗಿ ಕಲ್ಪಿಸಿದ, ಎಲ್ಲೂ ಇಲ್ಲದ ‘ನೆಕ್ರೊನಾಮಿಕನ್’ ಹೆಸರಿನಲ್ಲೂ ಜಾದೂಗಾರರು ಪ್ರಾಪ್ ಮಾಡಿಕೊಂಡರು.

ಇಂದಿನ ಬುಕ್ ಟೆಸ್ಟ್‌ಗಳ ಗುಟ್ಟನ್ನು ಇಲ್ಲಿ ಬಿಚ್ಚುವುದು ಸರಿಯಲ್ಲ, ಅದು ಹಲವರ ಅನ್ನ. ಪುಟ ತೆರೆದವರಿಗೆ ಇರುವ ಆಯ್ಕೆ ಅವರು ಅಂದುಕೊಂಡಷ್ಟು ವಿಶಾಲವಾಗಿರುವುದಿಲ್ಲ ಎಂದಷ್ಟೇ ಹೇಳಬಹುದು. ಕನ್ನಡದಲ್ಲಿ ಬುಕ್ ಟೆಸ್ಟ್ ಮಾಡುವುದು ಇನ್ನಷ್ಟು ಕಷ್ಟ. ಇಂಗ್ಲಿಷ್ ಕಲಾವಿದ ಒಂದೊಂದೇ ಅಕ್ಷರ ಹಿಡಿದು ಪದದ ಬಳಿ ಸರಿಯುತ್ತಾನೆ. ನಮ್ಮಲ್ಲಿ ‘ಹೆಣ’ ಎರಡೇ ಅಕ್ಷರಕ್ಕೆ ಮುಗಿಯುತ್ತದೆ. ‘ಬಾವಿಯೊಳಗಿನಿಂದ’ ಎಂಬುದು ಬಾಲ ಬೆಳೆಸಿಕೊಂಡು ಕೂತಿರುತ್ತದೆ. ಹಾಗಾಗಿ ಇಂಗ್ಲಿಷ್ ಪುಸ್ತಕದ ಅನುವಾದ ಸಾಲದು. ಪದ ಆರಿಸಿ ಆರಿಸಿ ಕಥೆಯನ್ನೇ ಹೊಸದಾಗಿ ಬರೆಯಬೇಕು. ಕನ್ನಡ ಜಾದೂಗಾರರೂ ಕಥೆಗಾರರೂ ಕೂಡಿ ಮಾಡಬೇಕಾದ ಕೆಲಸ ಇದು.

ಅಂಥ ಪುಸ್ತಕಕ್ಕೆ ರಾರಾವಿಯಂಥ ಊರು ತಕ್ಕ ಜಾಗ. ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ತಾಲ್ಲೂಕಿನ ಅಂಚು, ಪಕ್ಕದಲ್ಲಿ ಜನ ಹಗರಿ ಎನ್ನುವ ವೇದಾವತಿ, ಗಡಿಯಾಚೆ ಆಂಧ್ರದ ಆದೋನಿ ಸೀಮೆ. ಕನ್ನಡ, ತೆಲುಗು ಎರಡೂ ಕಿವಿಗೆ ಬಿದ್ದು ಬೆಳೆಯುವ ನೆಲ. ತೆಲುಗು ಕಾದಂಬರಿಕಾರ ಯಂಡಮೂರಿ ವೀರೇಂದ್ರನಾಥರ ‘ತುಳಸಿದಳ’, ಮಾಟಕ್ಕೆ ಗುರಿಯಾದ ಪುಟ್ಟ ಹುಡುಗಿಯ ಆ ಕಥೆ, ಎರಡೂ ಭಾಷೆಯ ಓದುಗರ ನಿದ್ದೆ ಕೆಡಿಸಿತ್ತು. 1985ರಲ್ಲಿ ಕನ್ನಡದಲ್ಲಿ ಸಿನಿಮಾ ಕೂಡ ಆಯಿತು.

ಆದರೆ ಕಲ್ಯಾಣ ಕರ್ನಾಟಕದಲ್ಲಿ ಮಾಟ, ಬಾನಾಮತಿ ಎಂದರೆ ಕಥೆಯಷ್ಟೇ ಅಲ್ಲ. ಆ ಹೆಸರಿನಲ್ಲಿ ಮನುಷ್ಯರನ್ನು ಹೊಡೆದದ್ದುಂಟು, ಊರು ಬಿಡಿಸಿದ್ದುಂಟು. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಡಾ. ಎಚ್. ನರಸಿಂಹಯ್ಯ ಪವಾಡ, ಮೂಢನಂಬಿಕೆಗಳ ಪರೀಕ್ಷೆಗೆ ಸಮಿತಿ ಮಾಡಿದರು. ಹುಲಿಕಲ್ ನಟರಾಜ್ ಪವಾಡ ಬಯಲು ಕಾರ್ಯಕ್ರಮಗಳನ್ನು ಊರೂರಿಗೆ ಒಯ್ದರು. 2017ರಲ್ಲಿ ಒಪ್ಪಿಗೆ ಪಡೆದ ವಾಮಾಚಾರ ತಡೆ ಕಾಯ್ದೆ 2020ರಲ್ಲಿ ಜಾರಿಗೆ ಬಂತು. ಹೀಗಿರುವಾಗ ದೆವ್ವದ ಪುಸ್ತಕ ಹಿಡಿದವನು ತನಗೆ ಶಕ್ತಿಯಿದೆ ಎಂದು ನಂಬಿಸಿ ಮನೆಗೆ ಹೋದರೆ ಅದು ಕಲೆಗೆ ಮಾಡಿದ ದ್ರೋಹ. ‘ಇದು ಆಟ, ನಾನು ಕಲಿತದ್ದು’ ಎಂಬ ಮಾತನ್ನು ಅವನು ವೇದಿಕೆಯಲ್ಲೇ ಹೇಳಬೇಕು. ಗುಟ್ಟು ಹೇಳದೆಯೂ ಅಷ್ಟು ಹೇಳಬಹುದು, ಬೆರಗು ಕಡಿಮೆಯಾಗುವುದಿಲ್ಲ.

ಸಿರುಗುಪ್ಪ, ಕುರುಗೋಡು ಕಡೆಯ ಮೇಷ್ಟ್ರುಗಳಲ್ಲಿ ಒಂದು ಬೇಡಿಕೆ. ಫೆಬ್ರವರಿ 28ರ ವಿಜ್ಞಾನ ದಿನಕ್ಕೆ ಒಂದು ಡ್ರಾಯಿಂಗ್ ಪುಸ್ತಕ, ಕತ್ತರಿ ತೆಗೆದುಕೊಂಡು ಸ್ಕಾಟ್ ಹೇಳಿದ ಪುಸ್ತಕವನ್ನು ಮಕ್ಕಳಿಂದಲೇ ಮಾಡಿಸಿ. ಮೊದಲು ಖಾಲಿ ಹಾಳೆ, ಆಮೇಲೆ ದೆವ್ವಗಳು. ಆಟ ಮುಗಿದ ಮೇಲೆ ಅದನ್ನು ಬೀರುವಿನಲ್ಲಿಡದೆ ಮನೆಗೆ ಒಯ್ಯಲು ಬಿಡಿ, ಮನೆಯವರೂ ಹಾಳೆ ತಿರುವಿ ನೋಡಲಿ.